ಒಂದೇ ದಿನಕ್ಕೆ ಸುಮ್ಮನಾದ ಸಬ್‌ವೂಫರ್

ಗೆಳೆಯರೇ, ನಿನ್ನೆ ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್, ಆಂಪ್ಲಿಫೈಯರ್ ಹಾಕಿಸಿದೆ. ಕಂಪನಿಯ ಸ್ಟೀರಿಯೋ ಅದರ ಮುಂದೆ ಸೊಳ್ಳೆ. ನಾವಿರುವ ಸಡಾ ಗುಡ್ಡದ ಇಳಿಜಾರಿನಲ್ಲಿ ಹಾಡು ಹಾಕಿದರೆ ನಂಬರ್ ಪ್ಲೇಟೂ ಕುಣಿಯುತ್ತಿತ್ತು.

ಇಂದು ಬೆಳಿಗ್ಗೆ ಆ ದಢ್ ದಢ್ ಮಾಯ. ಸಿಟ್ಟಿನಲ್ಲಿ, ಹಿಂದಿನ ಸೀಟಿನಲ್ಲಿದ್ದ ಅವ್ವನ ಸಮೇತ, ಅದನ್ನು ಕೂರಿಸಿಕೊಟ್ಟ ಮ್ಹಾಪಸಾ ಪೇಟೆಯ ಅಂಗಡಿಗೇ ಹೋಗಿ ಜಗಳ ತೆಗೆದೆ. ನಮ್ಮೂರ ಕಡೆಯ ಫಿಟ್ಟರ್ ಡಿಕ್ಕಿ ತೆರೆದ. ಸಬ್‌ವೂಫರ್ ಹಳೆಯ ಸೀರೆಗಳ ಕೌದಿ ಹೊದ್ದು ಮಲಗಿತ್ತು.

"ಇದನ್ನ ಯಾರ ಹೊಚ್ಯಾರ್ರಿ?" ಎಂದ.

ಅವ್ವ ಕೂತಲ್ಲಿಂದಲೇ ಹೇಳಿದಳು: "ನಾನಪಾ. ನಿನ್ನಿ ಮುಟ್ಟಿ ನೋಡಿದೆ, ಭಾಳ ನಡಗಾಕತ್ತಿತ್ತು."

"ನಡಗೂದ ಅದರ ಕೆಲಸ ಬೇ," ಎಂದೆ.

"ಹಂಗಂತ ನನ್ನ ಹಲ್ಲೂ ನಡಗಬೇಕೇನು? ಕೌದಿ ತಗೀಬ್ಯಾಡ."

ತೆಗೆಯಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಚೆನ್ನಾಗಿ ನಿದ್ದೆ ಮಾಡಿದರು, ಅವ್ವನೂ ಸಬ್‌ವೂಫರೂ.