ಪೀರಪ್ಪನ ಹೊಗೆಯಿಲ್ಲದ ಕುಲುಮೆ

ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಗ್ಯಾಸ್ ಒಲೆ ರಿಪೇರಿ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಜನರ ಒಲೆ ಬಿಚ್ಚಿ ಜೋಡಿಸುತ್ತಿದ್ದೇನೆ. ಉರಿಯ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ತಲೆ ಕೆಡುತ್ತದೆ. ನೆಲೋಗಿಯ ಪೀರಪ್ಪ ಹೇಳಿದ. ಅದೂ ನನ್ನದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಎರಡು ಮಾತಿಗೊಮ್ಮೆ ಕೆಮ್ಮುತ್ತ.

"ಆಫ್ತಾಬ ಭಾಯ್, ಹೊಗಿ ಬರಬಾರದ್ರಿ. ಕಬ್ಬಿಣ ಮಾತ್ರ ಕೆಂಪಗ ಆಗಬೇಕು. ಅಂಥಾದ್ದೊಂದು ಬರ್ನರ್ ಮಾಡಿಕೊಡ್ರಿ."

ಪೀರಪ್ಪ ಕಲ್ಲು ಒಡೆಯುವವನು. ಹದಿನಾಲ್ಕನೆಯ ವಯಸ್ಸಿಗೆ ಅಪ್ಪನ ಜೊತೆ ಕಲ್ಲಿನ ಖಣಿಗೆ ಇಳಿದವನು ಮೂವತ್ತೊಂದು ವರ್ಷ ಅಲ್ಲೇ ಕಳೆದ. ಬಂಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಅದು ಎಲ್ಲಿ ಸೀಳುತ್ತದೆಂದು ಹೇಳಬಲ್ಲವನು. ಬಾಯಿ ಜೋರು, ನಗು ಇನ್ನೂ ಜೋರು. ಆ ನಗು ನಿಂತಾಗಲೇ ಹೆಂಡತಿ ಸಾಬವ್ವ ಅವನನ್ನು ಕಲಬುರಗಿಗೆ ಕರೆದೊಯ್ದಳು. ಡಾಕ್ಟರು ಎದೆಯ ಫೋಟೊ ನೋಡಿ, ಒಳಗೆ ಕಲ್ಲಿನ ಧೂಳು ಕೂತಿದೆ, ಕೂತದ್ದು ಇನ್ನು ಏಳುವುದಿಲ್ಲ, ಧೂಳು ಬಿಟ್ಟರೆ ಇದ್ದಷ್ಟಾದರೂ ಉಳಿದೀತು ಎಂದರಂತೆ.

ಬಿಟ್ಟು ಮಾಡುವುದೇನು? ಅವನಿಗೆ ಬರುತ್ತಿದ್ದ ಇನ್ನೊಂದು ಕೆಲಸ ಉಳಿ ಹಣಿಯುವುದು. ಖಣಿಯವರ ಉಳಿಗಳು ದಿನವೂ ಮೊಂಡಾಗುತ್ತವೆ. ಅವನ್ನು ಕಾಯಿಸಿ, ಬಡಿದು ಚೂಪು ಮಾಡಿ, ನೀರಿಗದ್ದಿ ಹದ ಕೊಡಬೇಕು. ಅದನ್ನು ಅಂಗಳದಲ್ಲೇ ಕುಳಿತು ಮಾಡಬಹುದು. ಆದರೆ ಇದ್ದಿಲಿನ ಹೊಗೆಗೆ ಅವನ ಉಸಿರು ಕಟ್ಟುತ್ತಿತ್ತು. ಹಾಗಾಗಿ ಗ್ಯಾಸು. ಧೂಳಿನಿಂದ ಪಾರಾಗಲು ಅವನಿಗಿದ್ದದ್ದು ಅದೊಂದೇ ದಾರಿ, ನನಗೂ ಸರಿ ಅನಿಸಿತು.

ಮೊದಲು ಮದುವೆ ಅಡಿಗೆಯವರ ದೊಡ್ಡ ಒಲೆಯನ್ನು ಅವನ ಅಂಗಳಕ್ಕೇ ಒಯ್ದು ಕೊಟ್ಟೆ. ಉರಿ ಸುತ್ತಲೂ ಹರಡಿತು, ಉಳಿಯ ಮೂತಿ ಬಿಸಿಯಾಯಿತೇ ಹೊರತು ಕೆಂಪಾಗಲಿಲ್ಲ. ಆಮೇಲೆ ಒಂದು ಇಂಚಿನ ಕಬ್ಬಿಣದ ಪೈಪು ತಂದು, ಹಿಂಬದಿಗೆ ಗಾಳಿ ಹೋಗಲು ಕಿಂಡಿ ಕೊರೆದು, ನಡುವೆ ಹಿತ್ತಾಳೆಯ ಜೆಟ್ ಕೂರಿಸಿದೆ. ಗ್ಯಾಸು ಜೆಟ್ಟಿನ ಸಣ್ಣ ತೂತಿನಿಂದ ರಭಸದಲ್ಲಿ ಹೊರಟು ಗಾಳಿಯನ್ನು ತಾನೇ ಎಳೆದುಕೊಳ್ಳಬೇಕು, ಲೆಕ್ಕ ಅಷ್ಟೇ. ಪೀರಪ್ಪ ಕೇಳಬೇಕಲ್ಲ! ತೂತು ದೊಡ್ಡದಾದರೆ ಉರಿಯೂ ದೊಡ್ಡದಾಗುತ್ತದೆಂದು, ನಾನು ಒಳಗೆ ಸಾಬವ್ವ ಕೊಟ್ಟ ಚಹಾ ಕುಡಿದು ಬರುವಷ್ಟರಲ್ಲಿ ಜೆಟ್ಟನ್ನು ನನ್ನದೇ ಡ್ರಿಲ್ಲಿನಿಂದ ಅಗಲ ಮಾಡಿಬಿಟ್ಟಿದ್ದ. ಹಚ್ಚಿದರೆ ಹಳದಿ ಉರಿ, ಮಸಿ, ಹೊಗೆ. ಅವನು ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡ.

"ಲೇ ಪೀರಪ್ಪ, ನಾ ನಿನ್ನ ಬಂಡಿಗಲ್ಲು ಸೀಳಾಕ ಬಂದೇನೇನೋ? ನನ್ನ ಜೆಟ್ಟಿಗ್ಯಾಕ ಕೈ ಹಾಕ್ತಿ?" ಎಂದು ಬೈದೆ. ಕೆಮ್ಮಿನ ನಡುವೆಯೇ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕನೆಂದು ಸಾಬವ್ವ ನನಗೆ ಇನ್ನೊಂದು ಚಹಾ ಕೊಟ್ಟಳು.

ಹೊಸ ಜೆಟ್ ಹಾಕಿದೆ. ತಗಡಿನ ಡಬ್ಬಿಗೆ ಒಳಗಿನಿಂದ ಭಟ್ಟಿ ಇಟ್ಟಿಗೆ ಜೋಡಿಸಿ, ಮಣ್ಣು ಮೆತ್ತಿ, ಪೈಪಿನ ಬಾಯನ್ನು ಓರೆಯಾಗಿ ಇಳಿಸಿದೆ. ಈ ಸಲ ಭೋರೆಂದು ನೀಲಿ ಉರಿ ಬಂತು. ಹೊಗೆಯ ಒಂದು ಎಳೆಯೂ ಇಲ್ಲ. ಉಳಿ ನೋಡುನೋಡುತ್ತ ಕೆಂಪಾಯಿತು. ನಾನು ಹಿಗ್ಗಿಹೋದೆ, ಸುಳ್ಳೇಕೆ ಹೇಳಲಿ.

ಮರುದಿನ ಅವನ ಹಳೆಯ ಜೊತೆಗಾರ ಜಗದೇವ ಖಣಿಯಿಂದ ಹನ್ನೆರಡು ಉಳಿ ತಂದ. ಪೀರಪ್ಪ ಸಂಜೆಯೊಳಗೆ ಎಲ್ಲವನ್ನೂ ಹಣಿದು ಸಾಲಾಗಿ ಇಟ್ಟ. ಜಗದೇವ ಅವನ್ನು ಮುಟ್ಟಲಿಲ್ಲ. ತಲೆ ಕೆರೆದುಕೊಳ್ಳುತ್ತ ನಿಂತ.

"ಅಣ್ಣಾ, ಗೆರಿ ಹೊಡದು ತೋರಿಸಬೇಕಲ್ಲ."

ಅದು ಖಣಿಯವರ ರೂಢಿ. ಹಣಿದ ಮನೆಯವರೇ ತಮ್ಮ ಕೈಯಿಂದ ಒಣಕಲ್ಲಿನ ಮೇಲೆ ಪ್ರತಿ ಉಳಿಯಿಂದಲೂ ಗೇಣುದ್ದ ಗೆರೆ ಕೊರೆಯಬೇಕು. ಮೂತಿ ಚಕ್ಕೆ ಎದ್ದರೆ ಅವರ ಎದುರೇ ಏಳಲಿ, ಆಮೇಲೆ ನಿನ್ನ ಕೈ ಸರಿಯಿಲ್ಲ, ನನ್ನ ಹದ ಸರಿಯಿಲ್ಲ ಎಂಬ ಜಗಳ ಬೇಡ ಎಂದು. ಇದನ್ನು ಬಿಗಿ ಮಾಡಿದವನೇ ಪೀರಪ್ಪ. ಖಣಿಯಲ್ಲಿದ್ದಾಗ ಗೆರೆ ಹೊಡೆಯದ ಉಳಿಯನ್ನು ಕಮ್ಮಾರರ ಮುಂದೆ ಬಿಸಾಡಿ ಬರುತ್ತಿದ್ದನಂತೆ.

ಕಲ್ಲಿಗೆ ನೀರು ಚಿಮುಕಿಸಿ ಹೊಡೆಯಲಿ ಎಂದೆ ನಾನು. ಹಸಿಕಲ್ಲು ಮೆತ್ತಗೆ, ಅದರಲ್ಲಿ ಉಳಿಯ ಗುಣ ತಿಳಿಯುವುದಿಲ್ಲ ಎಂದ ಜಗದೇವ. "ನಾ ಒಯ್ಯತೇನ್ರಿ, ಖಣಿ ಹುಡುಗ್ರು ಒಪ್ಪಂಗಿಲ್ಲ," ಎಂದು ನೆಲ ನೋಡಿದ. ಅವನ ಮೇಲೆ ಸಿಟ್ಟು ಮಾಡಲೂ ಬರಲಿಲ್ಲ.

ಪೀರಪ್ಪ ಸುತ್ತಿಗೆ ಹಿಡಿದ. ಮೊದಲನೆಯ ಗೆರೆ ಅರ್ಧಕ್ಕೆ ಬರುವಷ್ಟರಲ್ಲಿ ಬಿಳಿ ಧೂಳೆದ್ದು, ಕೆಮ್ಮು ಹತ್ತಿ, ಕುಳಿತಲ್ಲೇ ಮಗ್ಗುಲಾದ. ಒಳಗಿನಿಂದ ಸಾಬವ್ವ ಬಂದಳು. ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು, ಸೆರಗಿನಿಂದ ಮೂಗು ಕಟ್ಟಿ, ಕಲ್ಲಿನ ಮುಂದೆ ಕುಳಿತಳು.

"ಇಡು ಬೇ! ಮುಟ್ಟಬ್ಯಾಡ ಅದನ್ನ!" ಎಂದು ಪೀರಪ್ಪ ಕೂಗಿದ.

"ಮನ್ಯಾನವರು ಹೊಡೀಬೇಕಲ್ಲ? ನಾ ಮನ್ಯಾಕಿ ಅಲ್ಲೇನು?" ಎಂದಳು ಅವಳು.

ಹನ್ನೆರಡು ಗೆರೆ. ಒಂದೂ ಚಕ್ಕೆ ಏಳಲಿಲ್ಲ. ಧೂಳಿನಲ್ಲಿ ಅವಳ ಹುಬ್ಬು ಬೆಳ್ಳಗಾಗಿತ್ತು. ಜಗದೇವ ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದ. ಮರುದಿನ ಇಪ್ಪತ್ತು ಬಂದವು, ಆಮೇಲೆ ಮೂವತ್ತು, ನಲವತ್ತು. ಎಲ್ಲದರ ಗೆರೆಯೂ ಸಾಬವ್ವನದೇ. ಪೀರಪ್ಪನ ಹದದ ಮಾತು ಖಣಿಯಿಂದ ಖಣಿಗೆ ಹೋಯಿತು. ನಾನು ಪಟ್ಟಣದಿಂದ ಮಾಸ್ಕ್ ತಂದುಕೊಟ್ಟೆ. ಬೇಸಿಗೆಯಲ್ಲಿ ಉಸಿರು ಸಿಗುವುದಿಲ್ಲವೆಂದು ಅವಳು ಅದನ್ನು ಗೂಟಕ್ಕೆ ತೂಗುಹಾಕಿದಳು. ಕುಲುಮೆ ಮಾಡಿಕೊಟ್ಟವನೇ ನಾನು, ಬಿಟ್ಟುಬಿಡಿ ಎಂದು ಹೇಳುವುದಕ್ಕೆ ನನಗೇನು ಬಾಯಿ ಇತ್ತು? ಎರಡು ವರ್ಷ ಹೀಗೇ ನಡೆಯಿತು.

ಹೋದ ವಾರ ಜೆಟ್ ಸ್ವಚ್ಛ ಮಾಡಲು ಹೋಗಿದ್ದೆ. ಪೀರಪ್ಪ ಗ್ಯಾಸ್ ಬಂದ್ ಮಾಡಿ ನನ್ನ ಪಕ್ಕ ಕುಳಿತ. ಭೋರೆನ್ನುವ ಸದ್ದು ನಿಂತಿತು. ನಾನು ಬಗ್ಗಿ ತೂತಿಗೆ ತಂತಿ ಹಾಕುತ್ತಿದ್ದೆ. ಬೆನ್ನ ಹಿಂದೆ ಅದೇ ಕೆಮ್ಮು ಕೇಳಿತು, ಒಣಕೆಮ್ಮು, ಎದೆಯ ತಳದಿಂದ ಕಿತ್ತು ಬರುವಂಥದ್ದು.

"ಗುಳಿಗಿ ನುಂಗಾಕತ್ತಿಯೋ ಇಲ್ಲೋ ಲೇ?" ತಲೆ ಎತ್ತದೆ ಕೇಳಿದೆ. "ಕೆಮ್ಮು ಭಾಳ ಆಗ್ಯಾದಲ್ಲ."

ಪೀರಪ್ಪ ಗೆರೆ ಹೊಡೆಯುವ ಕಲ್ಲಿನ ಕಡೆ ಕತ್ತು ತಿರುಗಿಸಿದ.

"ನಾ ಅಲ್ರಿ ಭಾಯ್," ಎಂದ. "ಅಕಿ ಕೆಮ್ಮಾಕತ್ತಾಳ."