ಅಕ್ಕ ಸಾಯಿಸಿದ ವೀರರು

ಹುಣಸೂರಿನಲ್ಲಿ ನನ್ನ ಗೆಳೆಯನದು ಮರಗೆಲಸದ ಅಂಗಡಿ. ಭಾನುವಾರ ಮಧ್ಯಾಹ್ನ ಗರಗಸ ನಿಂತ ಮೇಲೆ, ಅರ್ಧ ಮುಗಿದ ಯಾವುದಾದರೂ ಮೇಜಿನ ಸುತ್ತ ಕೂತು ನಾವು ಮೂವರು ಬಾಯಲ್ಲೇ ಕಥೆ ನಡೆಸುವ ಆಟವೊಂದನ್ನು ಆಡುತ್ತಿದ್ದೆವು. ಕಥೆ ಹೇಳುವವನು ನಾನು. ಅದರೊಳಗೆ ವೀರರಾಗಿ ನಡೆಯುವವರು ಅವನು ಮತ್ತು ನನ್ನ ಅಕ್ಕ. ಬೀಸಿದ ಕತ್ತಿ ತಗಲಿತೋ ಇಲ್ಲವೋ ಎಂಬುದನ್ನು ದಾಳ ಹೇಳಬೇಕು, ಉಳಿದದ್ದನ್ನು ನಿಯಮದ ಪುಸ್ತಕ. ಅಕ್ಕ ಕೆ.ಆರ್. ನಗರದಲ್ಲಿ ಗಣಿತದ ಮೇಡಂ. ಆಟಕ್ಕೆಂದೇ ಬಸ್ಸು ಹಿಡಿದು ಬರುತ್ತಿದ್ದಳು.

ವೀರ ಸತ್ತರೆ ಆಟಗಾರ ಹೊಸಬನನ್ನು ತರಬಹುದು, ಅವನು ಕುದುರೆ, ಕವಚ ಸಮೇತ ಬರುತ್ತಾನೆ ಎಂದು ಪುಸ್ತಕದಲ್ಲಿತ್ತು. ಸತ್ತವನ ಸಾಮಾನು ಏನಾಗಬೇಕೆಂದು ಬರೆದಿರಲಿಲ್ಲ. ಅಕ್ಕನಿಗೆ ಅಷ್ಟೇ ಸಾಕಾಯಿತು. ಅವಳ ವೀರ ಬರಿಗೈಯಲ್ಲಿ ಕರಡಿಯ ಗುಹೆಗೆ ನುಗ್ಗಿ ಸತ್ತ. ಮುಂದಿನವನು ಬಂದು, ಸತ್ತವನ ಕುದುರೆಯನ್ನು ತನ್ನದರ ಪಕ್ಕ ಕಟ್ಟಿ, ತಾನು ಹೊಳೆಗೆ ಹಾರಿದ. ಹೀಗೆ ಸಾಯಿಸುತ್ತ, ಕುದುರೆ ಮಾರುತ್ತ, ಅವಳು ಕೋಟೆಯೊಂದನ್ನು ಕೊಳ್ಳುವ ಹಂತಕ್ಕೆ ಬಂದಳು. ನಾನು ಹೆಣೆದ ಕಥೆಯತ್ತ ಯಾರೂ ಸುಳಿಯಲಿಲ್ಲ. ಊಟಕ್ಕೆ ಕೂತರೂ ನನಗೆ ಅವಳನ್ನು ತಡೆಯುವುದು ಹೇಗೆಂಬುದೇ ಯೋಚನೆ. ಆಟದ ನಡುವೆ ನಿಯಮ ಬದಲಿಸಿದರೆ ಅದೇ ಮೋಸ ಎಂದು ಅವಳು ಮೊದಲೇ ಹೇಳಿದ್ದಳು.

ಕೋಟೆಯ ಬೆಲೆಗೆ ಇನ್ನೊಂದು ಕುದುರೆಯಷ್ಟು ಹಣ ಕಡಿಮೆ ಬಿದ್ದಾಗ ಅಕ್ಕ ಗೆಳೆಯನತ್ತ ತಿರುಗಿದಳು.

"ನಿನ್ನೋನ್ನೂ ಒಂದ್ಸಲ ಸಾಯ್ಸ್ಬುಡು. ಅದೇ ಹೆಸ್ರಲ್ಲಿ ಇನ್ನೊಬ್ಬನ್ನ ತಂದ್ರಾಯ್ತು."

ಗೆಳೆಯನ ವೀರ ಕುಂಟ. ಮೊದಲ ಆಟದಲ್ಲೇ ಕಾಲು ಮುರಿದುಕೊಂಡು, ಅದನ್ನೇ ಎಳೆಯುತ್ತ ಅಲ್ಲಿಯವರೆಗೂ ಬಂದಿದ್ದ. ಗೆಳೆಯ ದಾಳವನ್ನು ಅಂಗೈಯಲ್ಲಿ ಉರುಳಿಸಿ ಮೇಜಿನ ಮೇಲಿಟ್ಟ.

"ಆಗಕ್ಕಿಲ್ಲ ಕಣಕ್ಕ. ಇನ್ನೊಬ್ಬ ಬಂದ್ರೆ ಅವ್ನು ಇವ್ನಾಗಕ್ಕಿಲ್ಲ."

ಬರೀ ಆಟ ತಾನೇ ಎಂದು ಅಕ್ಕ ನಕ್ಕಳು. ಅವನು ನಗಲಿಲ್ಲ. ಮುಂದಿನ ಭಾನುವಾರ ಕೆಲಸವಿದೆ ಎಂದ, ಅದರ ಮುಂದಿನ ವಾರವೂ. ನಾನು ಅಂಗಡಿಯ ಮುಂದೆ ಹೋಗುವುದು, ಒಳಗೆ ಕಾಲಿಡದೆ ವಾಪಸಾಗುವುದು. ಕೊನೆಗೆ ಅಕ್ಕನಿಗೆ ಫೋನು ಮಾಡಿ, ಅವನಿಗೆ ಬೇಜಾರಾಗಿದೆ ಎಂದೆ. ಅವಳು ಫೋನು ಇಟ್ಟುಬಿಟ್ಟಳು.

ಆ ಭಾನುವಾರ ನಾನು ಹೋಗುವಷ್ಟರಲ್ಲಿ ಅವಳು ಅಂಗಡಿಯಲ್ಲಿ ಕೂತು ಅವನೊಂದಿಗೆ ಟೀ ಕುಡಿಯುತ್ತಿದ್ದಳು. ಕೋಟೆಯ ಆಸೆ ಬಿಟ್ಟಿದ್ದಳು. ಸತ್ತವನ ಸಾಮಾನು ಅವನ ಜೊತೆಗೇ ಮಣ್ಣಾಗಲಿ ಎಂಬ ಹೊಸ ನಿಯಮವನ್ನು ಅವಳೇ ಸೂಚಿಸಿದಳು. ಅವನು ಒಪ್ಪಿದ, ಆಟ ಶುರುವಾಯಿತು. ಕುಂಟ ಮುಂದೆ ನಡೆದ. ಹೊಳೆ ಎದುರಾದಾಗ ಅಕ್ಕ ಮೊದಲ ಸಲ ನೀರೆಷ್ಟು ಆಳವಿದೆ ಎಂದು ಕೇಳಿದಳು.

ಸಂಜೆ ಬಸ್ಸಿಗೆ ಕಾಯುವಾಗ ನಿಯಮದ ಪುಸ್ತಕ ತಿರುವುತ್ತಿದ್ದವಳು ಒಂದು ಪುಟದಲ್ಲಿ ನಿಂತಳು. ಏನು ಸಿಕ್ಕಿತು ಎಂದೆ.

"ಏನಿಲ್ಲ ಕಣೋ," ಎಂದಳು, ಪುಟದಿಂದ ಕಣ್ಣು ಕೀಳದೆ.

ಬಸ್ಸು ಹೋದ ಮೇಲೂ ನಾನು, ಆ ಪುಟದಲ್ಲಿ ಇನ್ನೇನು ಬರೆಯದೆ ಬಿಟ್ಟಿದ್ದಾರೋ ಎಂದುಕೊಳ್ಳುತ್ತ, ನಿಲ್ದಾಣದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ.