ಭಾವ ಅಳೆದು ಕೊಟ್ಟ ಬಂಪ್ ಸ್ಟಾಪ್

ನಮ್ಮ ಭಾವನಿಗೆ ಗೋಡೆಗೊಂದು ಮೊಳೆ ಹೊಡೆಯಿರಿ ಎಂದರೆ, ಮೊದಲು ಗೋಡೆಯ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಮೊಳೆಯದು. ಸುತ್ತಿಗೆ ಅವರ ಕೈಗೆ ಬರುವಷ್ಟರಲ್ಲಿ, ತೂಗುಹಾಕಬೇಕಾಗಿದ್ದ ಕ್ಯಾಲೆಂಡರಿನ ವರ್ಷವೇ ಮುಗಿದಿರುತ್ತದೆ. ಇಂಥ ಮನುಷ್ಯನ ಜೊತೆ ನನ್ನ ಅಕ್ಕ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದಾಳೆ. ನನಗೆ ಅವಳ ತಾಳ್ಮೆ ಇಲ್ಲ. ನಾನು ಬೆಟ್ಟದ ದಾರಿಯಲ್ಲಿ ಜೀಪು ಓಡಿಸುವವನು. ಬೆಳಿಗ್ಗೆ ಹೇಳಿದ ಕೆಲಸ ಸಂಜೆಗೆ ಆಗಿರಬೇಕು. ಭಾವನ ಮೇಲೆ ನಾನು ರೇಗಿದಷ್ಟು ಇನ್ಯಾರ ಮೇಲೂ ರೇಗಿಲ್ಲ. ಈಗ ಅವರನ್ನು ಹೊಗಳಲು ಕೂತಿದ್ದೇನಾದ್ದರಿಂದ ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮರದ ಮಿಲ್ಲಿನ ಹಿಂದೆ, ಎರಡು ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದ ಓಣಿಯ ಕೊನೆಯಲ್ಲಿ ಅವರ ಗ್ಯಾರೇಜು. ತಗಡಿನ ಮಾಡು, ದಿನಕ್ಕೆರಡು ಸಲ ಗುಡಿಸಿದ ನೆಲ, ಗೋಡೆಯ ಮೇಲೆ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ. ಒಂದು ಸ್ಪ್ಯಾನರು ಜಾಗ ತಪ್ಪಿದರೂ ಭಾವ ಬಾಗಿಲಲ್ಲೇ ನಿಂತು ಮೂಗೆಳೆಯುತ್ತಾರೆ. ಅವರ ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ಲು. ಓಣಿಯವರೆಲ್ಲ ಅವರನ್ನು ಅಳತೆ ಮೇಷ್ಟ್ರು ಎನ್ನುತ್ತಾರೆ. ಗಾಡಿ ಕೊಟ್ಟ ಗಿರಾಕಿಗಳು ಇನ್ನೂ ಏನೇನೋ ಅನ್ನುತ್ತಾರೆ, ಆದರೆ ಗಾಡಿ ವಾಪಸು ಬಂದ ಮೇಲೆ ಒಬ್ಬರೂ ಬೇರೆ ಗ್ಯಾರೇಜಿಗೆ ಹೋಗಿದ್ದನ್ನು ನಾನು ಕಂಡಿಲ್ಲ.

ನನ್ನೊಬ್ಬನನ್ನು ಬಿಟ್ಟು. ಎರಡು ವರ್ಷದ ಹಿಂದೆ ನನ್ನ ಜೀಪನ್ನು ನಾಲ್ಕು ಇಂಚು ಎತ್ತರ ಮಾಡಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು. ದಾರಿಯಲ್ಲಿ ಕಲ್ಲುಗಳಿದ್ದವು, ನಿಜ. ಎತ್ತರದ ಜೀಪಿನಲ್ಲಿ ಕೂತರೆ ಊರೆಲ್ಲ ತಲೆಯೆತ್ತಿ ನೋಡುತ್ತದೆ ಎನ್ನುವುದೂ ಅಷ್ಟೇ ನಿಜ. ಭಾವನನ್ನು ಕೇಳಿದೆ. "ಮೂರು ವಾರ ಬಿಡು ಗಾಡೀನ" ಅಂದರು. ಹೆದ್ದಾರಿ ಬದಿಯ ದೊಡ್ಡ ಅಂಗಡಿಯಲ್ಲಿ ಒಂದೇ ದಿನಕ್ಕೆ ಮಾಡಿಕೊಟ್ಟರು. ಉದ್ದನೆಯ ಸ್ಪ್ರಿಂಗು, ಕುಲುಕಾಟ ಹೀರುವ ಉದ್ದನೆಯ ಶಾಕ್ ಅಬ್ಸಾರ್ಬರು, ಅಂದರೆ ನಮ್ಮ ಮಾತಲ್ಲಿ ಶಾಕು, ದಪ್ಪ ಟೈರು. ಬದಲಾಯಿಸದೆ ಬಿಟ್ಟದ್ದು ಒಂದೇ, ಬಂಪ್ ಸ್ಟಾಪು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಆಗ ಗೊತ್ತಿರಲಿಲ್ಲ. ಗಾಡಿ ಗುಂಡಿಗೆ ಬಿದ್ದಾಗ ಚಕ್ರ ಆಕ್ಸಲ್ ಸಮೇತ ಮೇಲಕ್ಕೆ ನುಗ್ಗುತ್ತದೆ. ಅದು ಎಲ್ಲಿಯವರೆಗೆ ನುಗ್ಗಬಹುದು, ಎಲ್ಲಿ ನಿಲ್ಲಬೇಕು ಎಂದು ತಡೆಯುವ ಮುಷ್ಟಿಗಾತ್ರದ ರಬ್ಬರು ತುಂಡೇ ಬಂಪ್ ಸ್ಟಾಪು. ಉದ್ದನೆಯ ಶಾಕು ಪೂರ್ತಿ ಮಡಚಿಕೊಂಡಾಗಲೂ ಹಳೆಯದಕ್ಕಿಂತ ಉದ್ದವಾಗಿಯೇ ಇರುತ್ತದೆ. ಹಾಗಾಗಿ ಆಕ್ಸಲ್ಲು ರಬ್ಬರನ್ನು ಮುಟ್ಟುವ ಮೊದಲೇ ಶಾಕಿನ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಗಾಡಿ ಎತ್ತರ ಮಾಡಿದವನು ಈ ರಬ್ಬರನ್ನೂ ಕೆಳಕ್ಕೆ ಇಳಿಸಬೇಕು. ಇಷ್ಟೇ ವಿಷಯ. ಇಷ್ಟನ್ನು ನಾನು ಕಲಿತದ್ದು ಅಕ್ಕನ ಬೆನ್ನುಮೂಳೆಯಿಂದ.

ಅಕ್ಕ ಬೆಟ್ಟದ ಮೇಲಿನ ಶಾಲೆಯ ಮೇಡಂ. ಒಬ್ಬಳೇ ಮೇಡಂ, ಹತ್ತೊಂಬತ್ತು ಮಕ್ಕಳು. ಹಳೆಯ ಕಲ್ಲುಕ್ವಾರಿ ದಾಟಿ ಒಂಬತ್ತು ಕಿಲೋಮೀಟರು ಹತ್ತಬೇಕು. ನನ್ನ ಜೀಪು ಬಿಟ್ಟರೆ ಬೇರೆ ಗಾಡಿ ಅಲ್ಲಿಗೆ ಹೋಗುವುದಿಲ್ಲ. ಅವಳು ದಿನಾ ನನ್ನ ಪಕ್ಕದ ಸೀಟಿನಲ್ಲಿ ಕೂತು, ಮಡಿಲಲ್ಲಿ ಕಾಪಿ ಪುಸ್ತಕ ಇಟ್ಟುಕೊಂಡು ತಿದ್ದುತ್ತಾ ಬರುತ್ತಿದ್ದಳು. ಅವತ್ತೂ ತಿದ್ದುತ್ತಿದ್ದಳು. ಕ್ವಾರಿಯ ತಿರುವಿನಲ್ಲಿ ನಾನು ಬೇಕಾದ್ದಕ್ಕಿಂತ ಜೋರಾಗಿ ಗುಂಡಿಗೆ ಇಳಿಸಿದೆ. ದಢಾರ್ ಎಂದು ಸದ್ದಾಯಿತು. ಅಕ್ಕ ಕೂಗಲಿಲ್ಲ. ಪೆನ್ನು ಕೈಯಿಂದ ಜಾರಿತು, "ಕಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಕಣೋ" ಅಂದಳು.

ಆಪರೇಷನ್ ಆಯಿತು. ಕಾಲು ವಾಪಸು ಬಂತು. ಆದರೆ ಮೂಳೆ ಡಾಕ್ಟರು ಭಾವನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು: ನಡೆಯಲಿ, ಕೂರಲಿ, ಕೆಲಸ ಮಾಡಲಿ, ಆದರೆ ಅಂಥದ್ದೇ ಇನ್ನೊಂದು ಪೆಟ್ಟು ಬಿದ್ದರೆ ಮತ್ತೆ ನಡೆಯುವ ಮಾತಿಲ್ಲ. ಆರೂವರೆ ತಿಂಗಳ ಮೇಲೆ ಶಿಕ್ಷಣ ಕಚೇರಿಯಿಂದ ಕಾಗದ ಬಂತು. ಶಾಲೆ ತೆರೆಯುವ ದಿನ ಹಾಜರಾಗದಿದ್ದರೆ ಅವಳನ್ನು ಪೇಟೆಯ ಕಚೇರಿಯಲ್ಲಿ ಫೈಲು ನೋಡುವ ಕೆಲಸಕ್ಕೆ ಹಾಕುತ್ತಾರಂತೆ, ಬೆಟ್ಟದ ಶಾಲೆಗೆ ಬೀಗವಂತೆ.

"ಫೈಲಿಗೆ ಮಗ್ಗಿ ಹೇಳ್ಕೊಡೋಕಾಗುತ್ತಾ?" ಎಂದು ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕೇಳಿದಳು. "ನಾನು ಹೋಗ್ತೀನಿ. ಹೋಗ್ಬಾರ್ದು ಅಂತ ಯಾರಾದ್ರೂ ಹೇಳೋದಿದ್ರೆ ಈಗ್ಲೇ ಹೇಳಿ."

ನಾನು ನೆಲ ನೋಡಿದೆ. ಬೇರೆ ಗಂಡನಾಗಿದ್ದರೆ ಬೇಡವೇ ಬೇಡ ಎನ್ನುತ್ತಿದ್ದ, ಅಥವಾ ನಿನ್ನಿಷ್ಟ ಎಂದು ಕೈ ತೊಳೆದುಕೊಳ್ಳುತ್ತಿದ್ದ. ಭಾವ ಪೆನ್ಸಿಲನ್ನು ಕಿವಿಯಿಂದ ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದರು.

"ಅಳೆದು ಹೇಳ್ತೀನಿ" ಅಂದರು.

ಶಾಲೆ ತೆರೆಯಲು ಆರು ವಾರವಿತ್ತು. ಮರುದಿನ ಬೆಳಿಗ್ಗೆಯೇ ಜೀಪನ್ನು ಅವರ ಗ್ಯಾರೇಜಿಗೆ ತಂದು ನಿಲ್ಲಿಸಿದೆ. ಕೈ ಬೀಸಿಕೊಂಡು ಹೋಗಬಾರದೆಂದು ಅಂಗಡಿಯಲ್ಲಿದ್ದ ಅತಿ ಗಟ್ಟಿ ಬಂಪ್ ಸ್ಟಾಪನ್ನು ಆರಿಸಿ ಒಯ್ದಿದ್ದೆ. ಕೆಂಪಗೆ, ಕಲ್ಲಿನಷ್ಟು ಗಟ್ಟಿ. ಭಾವ ಅದನ್ನು ಉಗುರಿನಿಂದ ಒತ್ತಿದರು. ಉಗುರೇ ಬಾಗಿತು.

"ಚೆನ್ನಾಗಿದೆ. ಜೀಪಿಗೆ ಏನೂ ಆಗಲ್ಲ" ಅಂದರು. "ಜೀಪಿಗೆ ಬೆನ್ನಿಲ್ಲ ನೋಡು."

ಮುಂದೆ ಅವರು ಮಾಡಿದ ಮೊದಲ ಕೆಲಸವನ್ನು ಬೇರೆ ಯಾವ ಮೆಕ್ಯಾನಿಕ್ಕೂ ಮಾಡಲಾರ. ಹೆದ್ದಾರಿ ಅಂಗಡಿಯವರು ಮಾಡಿದ್ದ ಹಾಗೆಯೇ, ಅದೇ ತಪ್ಪು ಜೋಡಣೆಯಲ್ಲೇ ಜೀಪನ್ನು ಬಿಟ್ಟು, ಅಕ್ಕನ ಸೀಟಿನಲ್ಲಿ ತಾವು ಕೂತು, "ಕ್ವಾರಿ ತಿರುವಿಗೆ ನಡಿ. ಅವತ್ತಿನ ವೇಗದ ಅರ್ಧಕ್ಕೆ ಇಳ್ಸು" ಅಂದರು.

"ತಲೆ ಕೆಟ್ಟಿದೆಯಾ ಭಾವ ನಿಮಗೆ?"

"ಎಲ್ಲಿ ಬಡೀತು, ಹೇಗೆ ಬಡೀತು ಅಂತ ಗೊತ್ತಾಗ್ದೆ ನಾನು ಏನನ್ನ ತಡೀಲಿ? ನಡಿ."

ಇಳಿಸಿದೆ. ಅರ್ಧ ವೇಗಕ್ಕೇ ಅವರ ಹಲ್ಲು ಕಟಕ್ಕೆಂದಿತು. ಕಣ್ಣಲ್ಲಿ ನೀರಿತ್ತು, ನೋವಿಗೋ, ಅವಳು ಉಂಡದ್ದು ಇದರ ಎರಡು ಪಾಲು ಎಂದು ತಿಳಿದದ್ದಕ್ಕೋ, ಕೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ನಿಧಾನವಾಗಿ ಇಳಿದು, "ಸರಿ. ಈಗ ಕೆಲಸ ಶುರು ಮಾಡೋಣ" ಅಂದರು.

ಕೆಲಸವೆಂದರೆ ಹೀಗೆ. ಮುಂದಿನ ಸ್ಪ್ರಿಂಗುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಬರಿ ಆಕ್ಸಲ್ಲನ್ನು ಜಾಕಿನಿಂದ ಮೇಲಕ್ಕೆತ್ತಿ, ಶಾಕು ಪೂರ್ತಿ ಮಡಚಿಕೊಳ್ಳುವ ಜಾಗ ನೋಡಿ, ಅಲ್ಲಿಂದ ಒಂದು ಬೆರಳು ಕೆಳಗೆ ಗೆರೆ ಎಳೆದರು. ಅದು ಆಕ್ಸಲ್ಲಿನ ಲಕ್ಷ್ಮಣರೇಖೆ. ಅಷ್ಟಕ್ಕೇ ಬಿಡಲಿಲ್ಲ. ಮಡ್‌ಗಾರ್ಡಿನ ಒಳಗೆ ಮೆತ್ತನೆಯ ಪುಟ್ಟಿ ಮೆತ್ತಿ, ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಒಂದೊಂದೇ ಚಕ್ರವನ್ನು ಮೇಲೆತ್ತಿದರು. ಪುಟ್ಟಿಯ ಮೇಲೆ ಟೈರಿನ ಗುರುತು ಬಿತ್ತು. ಶಾಕಿಗಿಂತ ಅರ್ಧ ಇಂಚು ಮೊದಲೇ ಟೈರು ತಗುಲುತ್ತಿತ್ತು. ಗೆರೆ ಮತ್ತೆ ಅರ್ಧ ಇಂಚು ಕೆಳಗಿಳಿಯಿತು.

ನಾನು ಗಡಿಯಾರ ನೋಡುತ್ತಿದ್ದೆ. "ಗಾಡಿ ನಿಂತಿದೆ, ಟೇಪು ಹಿಡಿದ್ರೆ ಐದು ನಿಮಿಷದ ಕೆಲಸ" ಅಂದೆ.

"ಖಾಲಿ ನಿಂತ ಜೀಪಲ್ಲಿ ಯಾರೂ ಬೆನ್ನು ಮುರ್ಕೊಳ್ಳಲ್ಲ" ಅಂದರು. ಅವರ ಮಾತು ಯಾವಾಗಲೂ ಸರಿಯಾಗಿರುವುದೇ ನನ್ನ ಅರ್ಧ ಸಿಟ್ಟಿಗೆ ಕಾರಣ.

ಗೆರೆ ಸಿಕ್ಕಿತು, ಇನ್ನು ರಬ್ಬರು. ಭಾವನ ಮುಂದಿದ್ದದ್ದು ಮೂರು ಜಾತಿ: ನಾನು ಒಯ್ದ ಕೆಂಪು ಬಂಡೆಗಲ್ಲು, ಮಾಮೂಲಿ ಕರಿ ರಬ್ಬರು, ಮತ್ತೆ ಸ್ಪಂಜಿನಂತೆ ಒಳಗೆಲ್ಲ ಸಣ್ಣ ಗುಳ್ಳೆಗಳಿರುವ ಹಳದಿ ತುಂಡು. ಒಂದೊಂದನ್ನೂ ಒತ್ತುವ ಪ್ರೆಸ್ಸಿನಲ್ಲಿಟ್ಟು ಹಿಂಡಿದರು. ಕೆಂಪು ಜಗ್ಗಲಿಲ್ಲ. ಕರಿ ಅರ್ಧಕ್ಕೆ ಕುಗ್ಗಿ ನಿಂತಿತು. ಹಳದಿ ಮೊದಲು ಬೆಣ್ಣೆಯಂತೆ ಬಿಟ್ಟುಕೊಟ್ಟು, ಹೋಗಹೋಗುತ್ತಾ ಬಿಗಿಯಾಗಿ, ಮೂರನೇ ಒಂದು ಪಾಲಿಗೆ ಇಳಿದು ನಿಂತಿತು.

"ಇದು ಆಕ್ಸಲ್ಲನ್ನ ಬೇಗನೇ ಮುಟ್ಟುತ್ತೆ, ಮೆತ್ತಗೆ ಮುಟ್ಟುತ್ತೆ. ತಡೆಯೋದು ಕೊನೇಲಿ" ಅಂದರು. "ಆದ್ರೆ ಉದ್ದ ಜಾಸ್ತಿ ಆದ್ರೆ, ಸಣ್ಣ ಕಲ್ಲಿಗೂ ಗಾಡಿ ಅದರ ಮೇಲೇ ಕೂರುತ್ತೆ. ಕಮ್ಮಿ ಆದ್ರೆ ಆಕ್ಸಲ್ಲು ಗೆರೆ ದಾಟುತ್ತೆ."

ಜೀಪಿನಲ್ಲಿ ಶಾಲೆಯ ದಿನದಷ್ಟೇ ಭಾರ ಇರಬೇಕೆಂದು ಮರಳಿನ ಚೀಲ ಪೇರಿಸಿದರು, ನೀರಿನ ಕ್ಯಾನು, ಹಿಂದೆ ಕೂರುವ ಆರು ಜನರ ತೂಕ, ಎಲ್ಲ ಲೆಕ್ಕ ಹಾಕಿ. ಮೊದಲ ದಿನ ಹಳದಿ ತುಂಡು ಉದ್ದವಾಯಿತು. ದಾರಿಯ ಪ್ರತಿ ಕಲ್ಲೂ ಬಂದು ಸೀಟಿನ ಕೆಳಗೆ ತನ್ನ ಹೆಸರು ಹೇಳಿ ಹೋಯಿತು. ವಾಪಸು ಬಂದು, ಬಿಚ್ಚಿ, ಹೆಬ್ಬೆಟ್ಟಿನ ಉಗುರಿನಷ್ಟು ಕೊಯ್ದರು. ಮತ್ತೆ ಕಟ್ಟಿದರು, ಮತ್ತೆ ಹೋದೆವು. ಹೀಗೆ ಏಳು ಸಲ. ಪ್ರತಿ ಸಲವೂ ಓಡಿಸುವವನು ನಾನು, ಅಕ್ಕನ ಸೀಟಿನಲ್ಲಿ ಅವರು. ಐವತ್ಮೂರು ವರ್ಷದ ಆಸಾಮಿ. ಐದನೇ ಸಲಕ್ಕೆ ಅವರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡಿದ್ದು ಕಂಡಿತು.

"ಅಕ್ಕ ರಿಟೈರ್ ಆಗೋಷ್ಟರಲ್ಲಿ ಮುಗಿಯುತ್ತಾ ಭಾವ?" ಎಂದು ಆರನೇ ಸಲ ರೇಗಿದೆ.

"ಮುಗಿಯುತ್ತೆ" ಅಂದರು, ಕೊಯ್ಯುತ್ತಲೇ.

ಏಳನೇ ಸಲ ಗುಂಡಿಗೆ ಇಳಿಸಿದೆ. ಯಾರೋ ದಿಂಬಿನ ಮೇಲೆ ಕೂತ ಹಾಗೆ ಬುಸ್ಸೆಂದು ತಗ್ಗಿ, ಜೀಪು ಎದ್ದು ನಿಂತಿತು. ಭಾವ ಇನ್ನೊಂದು ಸಲ ಎಂಬಂತೆ ಕೈ ಮಾಡಿದರು. ಅವತ್ತೊಂದೇ ದಿನ ಹನ್ನೊಂದು ಸಲ ಅದೇ ಗುಂಡಿಗೆ ಇಳಿದೆವು. ಮನೆಗೆ ಬಂದು ಕೈ ತೊಳೆದು ಅಕ್ಕನೆದುರು ನಿಂತು, "ಹೋಗ್ಬಹುದು ನೀನು" ಅಂದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಮೆಲ್ಲನೆ ಹೊರಗೆ ಜಾರಿಕೊಂಡೆ.

ಶಾಲೆ ತೆರೆಯುವ ದಿನ ಬೆಳಿಗ್ಗೆ ಕೀಲಿ ಕೈಯನ್ನು ಭಾವನ ಮುಂದೆ ಹಿಡಿದೆ. "ನೀವೇ ಓಡ್ಸಿ. ನನ್ನ ಕೈಯಲ್ಲಿ ಒಂದು ಸಲ ಆಗಿದೆ. ನನಗೆ ಭಯ."

ಎಂಟು ತಿಂಗಳಲ್ಲಿ ಅವರು ನನ್ನನ್ನು ಒಂದು ಮಾತೂ ಅಂದಿರಲಿಲ್ಲ. ಅಂದಿದ್ದರೆ ಹಗುರಾಗುತ್ತಿದ್ದೆನೇನೋ. ಅವತ್ತು ನನ್ನ ಮುಖವನ್ನು ಪುಟ್ಟಿಯ ಮೇಲಿನ ಗುರುತು ನೋಡುವ ಹಾಗೆ ನೋಡಿದರು.

"ತಪ್ಪು ನಿಂದೇ" ಅಂದರು. "ಅದು ನಿನಗೂ ಗೊತ್ತು, ನನಗೂ ಗೊತ್ತು. ಏಳು ಸಲ ನಾನು ರಬ್ಬರ್ ಒಂದನ್ನೇ ನೋಡ್ತಿದ್ದೆ ಅಂದ್ಕೊಂಡ್ಯಾ? ನಿನ್ನ ಕಾಲು ಬ್ರೇಕ್ ಮೇಲೆ ಎಲ್ಲೆಲ್ಲಿ ಹೋಗುತ್ತೆ ಅಂತಲೂ ನೋಡ್ತಿದ್ದೆ. ನನಗಿಂತ ಚೆನ್ನಾಗಿ ಇಳಿಸ್ತೀಯ ನೀನು. ಅವಳನ್ನ ನಿನ್ನ ಪಕ್ಕ ಕೂರಿಸೋಕೆ ನನಗೆ ಭಯ ಇಲ್ಲ. ಹೊರಡು, ಹೊತ್ತಾಗುತ್ತೆ."

ನಾನೇ ಓಡಿಸಿದೆ. ಅಕ್ಕ ಕಾಪಿ ಪುಸ್ತಕ ತಂದಿರಲಿಲ್ಲ. ಎರಡೂ ಕೈಯಲ್ಲಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು. ಸುಮಾರು ಹೊತ್ತಿನ ಮೇಲೆ ಕಣ್ಣು ಬಿಡದೆಯೇ, "ಕ್ವಾರಿ ಬಂತೇನೋ?" ಎಂದು ಕೇಳಿದಳು.

"ದಾಟಿ ಎರಡು ಕಿಲೋಮೀಟರ್ ಆಯ್ತು ಅಕ್ಕ."

ಅವಳು ಹಿಡಿಕೆಯಿಂದ ಕೈ ತೆಗೆದಳು. ಮೇಲೆ ಹತ್ತೊಂಬತ್ತು ಮಕ್ಕಳಲ್ಲಿ ಹದಿನೇಳು ಬಂದು ಗೇಟು ಹಿಡಿದು ನಿಂತಿದ್ದವು. ಅಕ್ಕ ತಾನೇ ಇಳಿದು, ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಿ ತರಗತಿಯ ಬಾಗಿಲು ತೆಗೆದಳು.

ನಾನು ಭಾವನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. "ಬಾಗಿಲು ತೆಗೆದಳು ಭಾವ, ಆರಾಮಾಗಿದಾಳೆ" ಅಂದೆ. ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಬಂತು. ಆಮೇಲೆ "ಮಧ್ಯಾಹ್ನ ಊಟಕ್ಕೆ ಮನೆಗೆ ಬಾ. ನೀನು ಬರೋವರೆಗೆ ನಾನು ತಟ್ಟೆ ಹಾಕಲ್ಲ" ಅಂದರು.

ಎಂಟು ತಿಂಗಳಿಂದ ನಾನು ಅವರ ಎದುರು ಊಟಕ್ಕೆ ಕೂತಿರಲಿಲ್ಲ. ಮುಖವಿಲ್ಲದೆ, ಪ್ರತಿ ಸಲವೂ ಏನೋ ಒಂದು ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಅವರಿಗೆ ಅದು ಕಾಣುತ್ತಿಲ್ಲ ಎಂದುಕೊಂಡಿದ್ದೆ.